ಅಳಿಯನ ಪಾಲಿಸಿ

ಗಂಡಿನ ಮೈ ಗಟ್ಟಿಯಿದೆಯೇ ಎಂದು ತಿಳಿದುಕೊಳ್ಳಲು ಚೊಕ್ಕಸಂದ್ರದ ಆ ವಠಾರದವರಿಗೆ ಎರಡು ದಾರಿಗಳಿದ್ದವು. ಜಾಲಹಳ್ಳಿ ಕ್ರಾಸಿನ ಲ್ಯಾಬಿನಲ್ಲಿ ಪೂರ್ತಿ ತಪಾಸಣೆಗೆ ಎರಡು ಸಾವಿರದ ನಾನೂರು ರೂಪಾಯಿ, ಅಂದು ತಪ್ಪುವ ಕೂಲಿ ಎಂಟುನೂರು, ಆಟೋಗೆ ಇನ್ನೂರು. ಗಂಡಿನ ಕಡೆಯವರಿಗೆ ಆಗುವ ಅವಮಾನ ಬೇರೆ. ರಕ್ತ ಕೊಡಪ್ಪಾ ಎಂದ ಕೂಡಲೇ ಚಹಾದ ಲೋಟ ಅಲ್ಲೇ ಇಟ್ಟು ಎದ್ದುಹೋದ ಬೀಗರನ್ನು ಅಲ್ಲಿಯವರು ಕಂಡಿದ್ದರು. ಎರಡನೆಯ ದಾರಿ ವಿಮಾ ಏಜೆಂಟ್ ವೇಣಿಯ ಪಾಲಿಸಿ. ವರ್ಷಕ್ಕೆ ನಾಲ್ಕು ಸಾವಿರದ ಇನ್ನೂರು ಕಟ್ಟಿದರೆ ಹತ್ತು ಲಕ್ಷದ ಜೀವವಿಮೆ. ಡಾಕ್ಟರು ಬೇಡ, ಸೂಜಿ ಬೇಡ. ಒಂದಷ್ಟು ಪ್ರಶ್ನೆಗೆ ಹೌದು, ಇಲ್ಲ ಎಂದರೆ ಸಾಕು, ಎರಡು ದಿನದಲ್ಲಿ ಉತ್ತರ. ಕಂಪನಿ ಒಪ್ಪಿತೆಂದರೆ ಗಂಡು ಗಟ್ಟಿ. ಕೇಳುವುದಕ್ಕೂ ಉಡುಗೊರೆಯ ಹಾಗೆ ಕೇಳುತ್ತದೆ, ಯಾರಿಗೂ ನೋಯುವುದಿಲ್ಲ.

ಈ ಉಪಾಯ ಕಂಡುಹಿಡಿದವಳು ವಠಾರದ ಒಡತಿ ಮುನಿಯಕ್ಕ. ಅವಳ ಮನೆಗಳಲ್ಲಿ ಬಾಡಿಗೆಗಿದ್ದವರು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಗಾರೆ ಕೆಲಸದವರು, ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರು. ಊರಲ್ಲಾದರೆ ಗಂಡಿನ ಓಣಿಗೆ ಹೋಗಿ ನಾಲ್ಕು ಜನರನ್ನು ವಿಚಾರಿಸಬಹುದು. ಇಲ್ಲಿ ಪಕ್ಕದ ಕೋಣೆಯವನ ಅಡ್ಡಹೆಸರೇ ಗೊತ್ತಿರುವುದಿಲ್ಲ. ಮುನಿಯಕ್ಕ ಅಂದಿದ್ದಳು, "ಕಂಪ್ನಿಯೋರು ಅತ್ತು ಲಕ್ಷ ಸುಮ್ಕೆ ಬರ್ಕೊಟ್ಟಾರಾ? ಒಳ್ಗೊಳ್ಗೇ ಎಲ್ಲಾ ತಿಳ್ಕೊಂಡೇ ಕೊಡೋದು ಕಣ್ರಮ್ಮಾ."

ವೇಣಿಗೆ ನಿಜ ಗೊತ್ತಿತ್ತು. ಕಂಪನಿ ಒಳಗೂ ನೋಡುವುದಿಲ್ಲ, ಹೊರಗೂ ನೋಡುವುದಿಲ್ಲ. ಎಲ್ಲಕ್ಕೂ ಇಲ್ಲ ಎಂದವನನ್ನು ನಂಬುತ್ತದೆ, ಅಷ್ಟೇ. ಸುಳ್ಳು ಹೇಳಿದ್ದರೆ ಅದನ್ನು ಹುಡುಕುವುದು ಅವನು ಸತ್ತಮೇಲೆ. ದಾಸರಹಳ್ಳಿಯ ಗಾರ್ಮೆಂಟ್ಸ್ ಬಿಟ್ಟು ಏಜೆಂಟಾಗಿದ್ದ ವೇಣಿ ಈ ಮಾತನ್ನು ಕೇಳಿದವರಿಗೆ ಮುಚ್ಚಿಡುತ್ತಿರಲಿಲ್ಲ. ಯಾರೂ ಕೇಳಲಿಲ್ಲ. ನೆಂಟಸ್ತನಕ್ಕೊಂದರಂತೆ ಪಾಲಿಸಿ ಬರುತ್ತಿದ್ದಾಗ ತಾನಾಗಿ ಹೇಳಬೇಕೆಂದು ಅವಳಿಗೂ ಅನ್ನಿಸಲಿಲ್ಲ.

ಆ ವಠಾರದ ಕೊನೆಯ ಮನೆಯಲ್ಲಿ ಭರಮಪ್ಪ ಮೇಸ್ತ್ರಿ ಇದ್ದ. ಹುನಗುಂದದ ಕಡೆಯವನು. ಹಿರಿಯ ಮಗಳು ಮರೆವ್ವನ ಗಂಡ ಕಿಡ್ನಿ ಕಾಯಿಲೆ ಮುಚ್ಚಿಟ್ಟು ಮದುವೆಯಾಗಿ, ಎರಡನೇ ವರ್ಷಕ್ಕೆ ತೀರಿಕೊಂಡಿದ್ದ. ಮರೆವ್ವ ಕೂಸನ್ನು ಎತ್ತಿಕೊಂಡು ಅಪ್ಪನ ಮನೆಗೆ ಬಂದಿದ್ದಳು. ಈಗ ಕಿರಿಯವಳು ಮಹಾದೇವಿಗೆ ಇಳಕಲ್ಲಿನ ಹಣಮಂತ ಒಪ್ಪಿಗೆಯಾಗಿದ್ದ. ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಅವನು ಮಷೀನ್ ಆಪರೇಟರ್. ಮಹಾದೇವಿಯೇ ಅವನನ್ನು ಮೆಚ್ಚಿದ್ದಳು. ದಿನಾ ಸಂಜೆ ಗಾರ್ಮೆಂಟ್ಸ್‌ನಿಂದ ಬರುವಾಗ ಮೆಟ್ರೋ ಕಂಬದ ಕೆಳಗೆ ಇಬ್ಬರೂ ಒಂದಿಷ್ಟು ಹೊತ್ತು ನಿಲ್ಲುವುದು ಭರಮಪ್ಪನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗಿದ್ದ. ಪಾಲಿಸಿ ಒಂದು ಬಂದುಬಿಟ್ಟರೆ ಮದುವೆ.

ಭಾನುವಾರ ವೇಣಿ ಫೋನು ಹಿಡಿದು ಕೂತಳು. ಒಂದೊಂದೇ ಪ್ರಶ್ನೆ ಓದಿದಳು. ಆಸ್ಪತ್ರೆಗೆ ಸೇರಿದ್ದುಂಟೇ, ಸಕ್ಕರೆ ಕಾಯಿಲೆ ಉಂಟೇ, ಎದೆನೋವು ಉಂಟೇ.

"ಇಲ್ರಿ ಅಕ್ಕಾರ," ಎಂದ ಹಣಮಂತ ಎಲ್ಲಕ್ಕೂ. ನಿಜವನ್ನೇ ಹೇಳುತ್ತಿದ್ದ.

"ಗುಟ್ಕಾ?"

"ಮೊದಲ ತಿಂತಿದ್ದೆ. ಆಕಿ ಬಿಡಸ್ಯಾಳ."

ಒಳಗಿನಿಂದ ಮಹಾದೇವಿ ನಕ್ಕದ್ದು ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಮರೆವ್ವ ನಗಲಿಲ್ಲ.

ದುಡ್ಡು ಕಟ್ಟುವ ಹೊತ್ತಿಗೆ ಹಣಮಂತ ತನ್ನ ಫೋನು ತೆಗೆದ. ಭರಮಪ್ಪ ಅವನ ಕೈ ಹಿಡಿದ. "ಇಡ್ರಿ ಒಳಗ. ಇದು ನಮ್ಮ ಕಡಿ ಉಡುಗೊರಿ. ಅಳಿಯನ ಕಡಿಂದ ರೊಕ್ಕಾ ಕಟ್ಟಿಸಿದ್ರ ಮಂದಿ ಏನಂದಾರು?"

ನಾಮಿನಿಯ ಹೆಸರು ಬಂದಾಗ ವೇಣಿ ಹೇಳಿದಳು, "ಸದ್ಯಕ್ಕೆ ಅವರ ತಾಯಿ ಹೆಸ್ರು ಹಾಕೋಣ. ಮದ್ವೆ ಆದ್ಮೇಲೆ ಬದಲಾಯಿಸಿದ್ರಾಯ್ತು."

"ಬ್ಯಾಡ," ಎಂದಳು ಮರೆವ್ವ. "ನನ್ನ ಗಂಡನ ಪಿಎಫ್ ರೊಕ್ಕಾ ಪೂರಾ ಅವನ ಅವ್ವಗ ಹೋತು. ನಾ ಕೂಸಿನ ಕಟ್ಕೊಂಡು ನೋಡ್ಕೋತ ಕುಂತೆ. ಮಾದೇವಿ ಹೆಸರ ಹಾಕ್ರಿ."

ಹಿಂದೆ ಮಾಡಿದ ಪಾಲಿಸಿಗಳಲ್ಲಿ ದುಡ್ಡು ಕಟ್ಟಿದವನು ಗಂಡೇ, ನಾಮಿನಿ ಅವನ ತಾಯಿಯೇ. ಇದು ಹೊಸದು. ವೇಣಿಗೆ ಒಂದು ಕ್ಷಣ ಅನುಮಾನ ಬಂತು. ಆದರೆ ತಿಂಗಳ ಕೊನೆ, ಇನ್ನೊಂದು ಪಾಲಿಸಿ ಆದರೆ ಅವಳ ಟಾರ್ಗೆಟ್ ಮುಗಿಯುತ್ತಿತ್ತು. ಸಂಬಂಧ ಎಂಬಲ್ಲಿ 'ಭಾವಿ ಪತ್ನಿ' ಎಂದು ಬರೆದಳು. ದುಡ್ಡು ಭರಮಪ್ಪನ ಫೋನಿನಿಂದ ಹೋಯಿತು.

ಮಂಗಳವಾರ ಮಧ್ಯಾಹ್ನ ಭರಮಪ್ಪ ಸೆಂಟ್ರಿಂಗ್ ಹಲಗೆಗಳ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ನಾಲ್ಕು ಸಾವಿರದ ಇನ್ನೂರು ರೂಪಾಯಿ ವಾಪಸು ಜಮಾ ಆಗಿತ್ತು. ಅವನು ರೊಟ್ಟಿ ಅಲ್ಲೇ ಮಡಚಿಟ್ಟ. ಕಂಪನಿ ಬಂದ ದುಡ್ಡನ್ನೇ ಬೇಡವೆಂದಿದೆ. ಬೇಡವೆನ್ನಲು ಎಂಥ ರೋಗವಿರಬೇಕು.

ವೇಣಿಗೆ ಸುದ್ದಿ ಬಂದದ್ದು ಸಂಜೆ. 'ಕಂಪನಿಯ ನಿಯಮಾವಳಿಯಂತೆ ತಮ್ಮ ಪ್ರಸ್ತಾವನೆಯನ್ನು ಸ್ವೀಕರಿಸಲಾಗುತ್ತಿಲ್ಲ' ಎಂಬ ಒಂದೇ ಸಾಲು. ಕಾರಣವಿರಲಿಲ್ಲ. ಅವಳು ಬ್ರ್ಯಾಂಚಿನ ಅಧಿಕಾರಿ ನಿವೇದಿತಾಗೆ ಫೋನು ಮಾಡಿದಳು.

"ವೇಣಿ, ಪ್ರೀಮಿಯಂ ಕಟ್ಟಿದ್ದು ಯಾರು?"

"ಹುಡ್ಗಿ ತಂದೆ, ಮೇಡಂ."

"ನಾಮಿನಿ?"

"ಹುಡ್ಗಿ."

"ಮದುವೆ ಆಗಿದ್ಯಾ?"

"ಇಲ್ಲ."

"ಮತ್ತೆ ನನ್ನ ಯಾಕೆ ಕೇಳ್ತೀಯಾ? ಸಂಬಂಧ ಇಲ್ದಿರೋ ಒಬ್ರು ಇನ್ನೊಬ್ಬರ ಜೀವದ ಮೇಲೆ ದುಡ್ಡು ಕಟ್ಟಿ, ಅವ್ರು ಸತ್ರೆ ನನ್ನ ಮಗಳಿಗೆ ಕೊಡಿ ಅಂದಿದ್ದಾರೆ. ಸಿಸ್ಟಮ್‌ಗೆ ಅದು ಉಡುಗೊರೆ ಅಂತ ಗೊತ್ತಾಗತ್ತಾ? ಸುಪಾರಿ ಅಂತ ತಿಳ್ಕೊಳ್ಳತ್ತೆ."

"ಹುಡುಗನ ಆರೋಗ್ಯ ಕಾರಣ ಅಲ್ಲ ಅಂತ ಒಂದು ಸಾಲು ಬರ್ಕೊಡಿ ಮೇಡಂ. ಒಂದು ಮದ್ವೆ ನಿಂತಿದೆ."

"ಕಾರಣ ಬರೆದು ಕೊಡೋ ಪದ್ಧತಿ ಇಲ್ಲಮ್ಮ. ಮದುವೆ ಬ್ರೋಕರಿಂಗ್ ಬೇರೆ ಶುರು ಮಾಡಿದ್ಯಾ?" ಎಂದು ನಿವೇದಿತಾ ನಕ್ಕು ಫೋನಿಟ್ಟಳು.

ವೇಣಿ ತಡಮಾಡಲಿಲ್ಲ. ಆ ಸಂಜೆಯೇ ಸ್ಕೂಟರ್ ಹತ್ತಿ ವಠಾರಕ್ಕೆ ಹೋದಳು. ಅಷ್ಟರಲ್ಲಿ ನಲ್ಲಿಯ ಹತ್ತಿರ ಆರೆಂಟು ಜನ ಸೇರಿ ಹಣಮಂತನಿಗೆ ಏನು ರೋಗವೆಂದು ತೀರ್ಮಾನಿಸುತ್ತಿದ್ದರು. ಒಬ್ಬರು ಕ್ಷಯ ಅಂದರು, ಒಬ್ಬಳು ಬಾಯಿಂದ ಹೇಳದೆ ಬೆರಳಿನಲ್ಲೇ ಏನನ್ನೋ ಸೂಚಿಸಿದಳು.

"ಭರಮಪ್ಪನೋರೇ, ಹುಡುಗನದು ತಪ್ಪಿಲ್ಲ," ಎಂದಳು ವೇಣಿ. "ದುಡ್ಡು ನೀವು ಕಟ್ಟಿದ್ರಿ, ಹೆಸ್ರು ನಿಮ್ಮ ಮಗಳದು. ಇನ್ನೂ ಮದ್ವೆ ಆಗಿಲ್ಲ. ಕಂಪ್ನಿಯೋರಿಗೆ ಅನುಮಾನ ಬಂದಿದೆ. ನಾನೇ ಅವತ್ತು ಗಟ್ಟಿಯಾಗಿ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಏನ್ ಅನುಮಾನ?"

ಅವಳು ತಡವರಿಸಿದಳು. "ಯಾರೋ ಬೇರೆಯೋರು ದುಡ್ಡು ಕಟ್ಟಿದ್ರೆ... ಆಮೇಲೆ ಏನಾದ್ರೂ ಮಾಡ್ಬಹುದು ಅಂತ."

ಭರಮಪ್ಪನ ಮುಖ ಕಪ್ಪಿಟ್ಟಿತು. "ಅಂದ್ರ ನಾ ಅಳಿಯನ್ನ ಕೊಂದು ರೊಕ್ಕಾ ತಿನ್ನಾಂವ ಅಂತೀರಿ."

"ನಾನಲ್ಲ, ಕಂಪ್ನಿ."

"ಅವನ ರೋಗ ಮುಚ್ಚಾಕ ನಮ್ಮಪ್ಪನ್ನ ಕೊಲೆಗಾರ ಮಾಡಾಕ ಬಂದೀರಿ," ಎಂದಳು ಮರೆವ್ವ.

ವೇಣಿಗೆ ಬೇರೆ ದಾರಿ ಉಳಿಯಲಿಲ್ಲ. ಎಲ್ಲರ ಎದುರೇ ಹೇಳಿಬಿಟ್ಟಳು: "ಈ ಪಾಲಿಸಿಗೆ ಕಂಪ್ನಿ ಯಾರ ಆರೋಗ್ಯಾನೂ ನೋಡಲ್ಲ ಕಣಮ್ಮಾ. ಬಾಯಲ್ಲಿ ಹೇಳಿದ್ದೇ ಲೆಕ್ಕ. ಪಾಸಾದೋರೆಲ್ಲ ಗಟ್ಟಿ ಅಂತಲೂ ಅಲ್ಲ, ಆಗದೋರು ರೋಗಿಷ್ಠರು ಅಂತಲೂ ಅಲ್ಲ."

ಮುನಿಯಕ್ಕ ಎಲೆ ಅಡಿಕೆ ಉಗುಳಿ ಬಂದು ಎದುರಿಗೆ ನಿಂತಳು. "ಅಂಗಾದ್ರೆ ಇಷ್ಟ್ ದಿನ ನಮ್ ಉಡುಗ್ರುಗೆಲ್ಲಾ ಮಾಡ್ಸಿದ್ದು ಏನವ್ವಾ? ಆಗ ಯಾಕೆ ಏಳ್ಲಿಲ್ಲ ಈ ಮಾತ್ನ?"

ಎಷ್ಟೋ ಸಮಯ ಸುಮ್ಮನಿದ್ದು ಲಾಭ ಮಾಡಿಕೊಂಡವಳು ಒಂದು ದಿನ ಬಾಯಿ ತೆರೆದರೆ, ಜನ ಆ ದಿನದ ಮಾತನ್ನೇ ಸುಳ್ಳೆನ್ನುತ್ತಾರೆ. ಅವರು ಕಾಗದವನ್ನು ನಂಬಿದರು, ಕಾಗದ ತಂದವಳನ್ನು ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವೂ ಇತ್ತು: ಅದೇ ಪಾಲಿಸಿ ನೋಡಿ ಮಗಳನ್ನು ಕೊಟ್ಟವರು ಅಲ್ಲಿ ಮೂರು ಜನ ನಿಂತಿದ್ದರು. ಅದರಲ್ಲಿ ಏನೂ ಇಲ್ಲವೆಂದು ಅವರು ಹೇಗೆ ಒಪ್ಪಿಯಾರು?

ಭರಮಪ್ಪ ಕೊನೆಗೆ ಒಂದು ಮಾತು ಕೊಟ್ಟ. "ಬರೂ ಅಮಾಸಿ ತನಕ ನೋಡ್ತೀನಿ. ಅಷ್ಟರಾಗ ಅಂವ ಪಾಸಾಗಿ ತೋರಸ್ಲಿ."

ಶೆಡ್ಡಿಗೆ ಸುದ್ದಿ ಮರುದಿನವೇ ತಲುಪಿತು. ಅಲ್ಲಿ ಅಳತೆ ತಪ್ಪಿದ ಬಿಡಿಭಾಗಗಳಿಗೆ ಗುಣಮಟ್ಟ ನೋಡುವ ಕ್ಯೂಸಿಯವರು ಕೆಂಪು ಚೀಟಿ ಕಟ್ಟಿ ಒಂದು ಟ್ರೇಯಲ್ಲಿ ಹಾಕುವುದು ಪದ್ಧತಿ. ಊಟದ ಹೊತ್ತಿಗೆ ಹಣಮಂತ ತನ್ನ ಡಬ್ಬಿ ಹುಡುಕಿದಾಗ ಅದು ಆ ಟ್ರೇಯಲ್ಲಿತ್ತು, ಕೆಂಪು ಚೀಟಿ ಕಟ್ಟಿಸಿಕೊಂಡು.

"ಮಚ್ಚಾ, ಕ್ಯೂಸಿಯೋರು ನಿನ್ನ ರಿಜೆಕ್ಟ್ ಮಾಡವ್ರೆ," ಎಂದ ಪಕ್ಕದ ಮಷೀನಿನವನು. "ರೀವರ್ಕ್ ಆಗತ್ತೋ, ಗುಜರಿಗೇನಾ?"

"ಗುರು, ಇವ್ನ ಜೊತೆ ಒಂದೇ ಲೋಟದಲ್ಲಿ ನೀರು ಕುಡೀಬೇಡ್ರೋ."

ಹಣಮಂತ ಚೀಟಿ ಬಿಚ್ಚಿ ಉಂಡ. ಅಂದಿನಿಂದ ನೀರಿನ ಕ್ಯಾನಿನ ಹತ್ತಿರ ಒಂದು ಲೋಟ ಬೇರೆಯಾಯಿತು. ಮೊದಲು ತಮಾಷೆಗೆ ಬೇರೆ ಮಾಡಿದ್ದರು. ವಾರ ಕಳೆಯುವಷ್ಟರಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ.

ವೇಣಿ ಎರಡನೇ ಬಾರಿ ಅರ್ಜಿ ತುಂಬಲು ಅವನ ಕೋಣೆಗೇ ಹೋದಳು. ಈ ಸಲ ದುಡ್ಡು ಅವನದೇ, ನಾಮಿನಿ ಅವನ ತಾಯಿಯೇ. ಆದರೆ ಅದರಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಹಿಂದೆ ಯಾವಾಗಲಾದರೂ ನಿಮ್ಮ ವಿಮೆ ತಿರಸ್ಕೃತವಾಗಿದೆಯೇ?

"ಇದಕ್ಕ ಹೌದು ಅಂದ್ರ?" ಹಣಮಂತ ಕೇಳಿದ.

"ಹೌದು ಅಂದ್ರೆ ಈ ಸುಲಭದ ಪಾಲಿಸಿ ಸಿಗಲ್ಲ. ಡಾಕ್ಟ್ರ ಹತ್ರ ಕಳಿಸ್ತಾರೆ. ರಕ್ತ, ಇಸಿಜಿ, ಎಲ್ಲಾ. ಇಪ್ಪತ್ತು ದಿನ, ತಿಂಗಳು ಆಗ್ಬಹುದು."

"ಇಲ್ಲಾ ಅಂದ್ರ?"

"ನಾಳೆ ಗೊತ್ತಾದ್ರೆ ನಿಮ್ಮ ತಾಯಿಗೆ ಒಂದು ರೂಪಾಯಿ ಬರಲ್ಲ. ನನ್ನ ಲೈಸೆನ್ಸೂ ಹೋಗತ್ತೆ."

ಅವನು ಯೋಚಿಸಿದ. ಅಮಾವಾಸ್ಯೆ ಹತ್ತಿರವಿತ್ತು. "ಹೌದು ಅಂತ ಬರೀರಿ," ಎಂದ. "ಡಾಕ್ಟರ್ ನೋಡ್ಲಿ. ಡಾಕ್ಟರ್ ಹೇಳಿದ ಮ್ಯಾಲ ಯಾರ ಬಾಯಿಯಾದ್ರೂ ಮುಚ್ಚತೈತಿ."

ಅದೇ ವಾರ ಬಸಲಿಂಗ ಎಂಬವನು ವೇಣಿಯ ಮನೆಗೆ ಬಂದ. ಭರಮಪ್ಪನ ಹೆಂಡತಿಯ ತೌರಿನ ಕಡೆಯವನು, ನೆಲಗದರನಹಳ್ಳಿಯಲ್ಲಿ ಗೋದಾಮಿನ ಲೆಕ್ಕ ಬರೆಯುತ್ತಿದ್ದ. ತೆಳ್ಳಗೆ, ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ. ಭರಮಪ್ಪ ಅಮಾವಾಸ್ಯೆಯವರೆಗೂ ಕೈಕಟ್ಟಿ ಕೂತಿರಲಿಲ್ಲ, ಮಹಾದೇವಿಗೆ ಇನ್ನೊಂದು ಗಂಡು ಹುಡುಕಿದ್ದ ಎಂದು ವೇಣಿಗೆ ಆಗ ತಿಳಿಯಿತು.

"ಅಕ್ಕಾರ, ಸಣ್ಣಾಂವ ಇದ್ದಾಗಿನಿಂದ ಎದಿದೊಂದು ವಾಲ್ವ್ ಸರಿ ಇಲ್ಲ," ಎಂದ ಬಸಲಿಂಗ, ಹವಾಮಾನದ ಮಾತಾಡುವವನ ಹಾಗೆ. "ದಿನಾ ಗುಳಿಗಿ ತಗೋತೀನಿ. ಆಪರೇಶನ್ ಮಾಡಿಸು ಅಂದಾರ. ಅದನ್ನ ಬರಸ್ಬೇಕೇನ್ರಿ?"

"ಬರೀಲೇಬೇಕು. ಬರೆದ್ರೆ ಪಾಲಿಸಿ ಸಿಗಲ್ಲ. ಹುಡ್ಗಿ ಮನೆಯೋರಿಗೂ ಹೇಳಿ ತಮ್ಮಾ, ಆಪರೇಷನ್ ಮಾಡಿಸ್ಕೊಂಡು ನೂರು ವರ್ಷ ಇರೋರಿದ್ದಾರೆ."

"ಹೇಳಿದ್ರ ಯಾರ್ ಕೊಡ್ತಾರ್ರಿ ಹೆಣ್ಣು?" ಎಂದು ನಕ್ಕು ಅವನು ಎದ್ದುಹೋದ. ಇನ್ನೊಬ್ಬ ಏಜೆಂಟು ಎಲ್ಲಕ್ಕೂ ಇಲ್ಲ ಎಂದು ತುಂಬಿದ. ಬೆಳಿಗ್ಗೆ ಕೊಟ್ಟ ಅರ್ಜಿ ಸಂಜೆಯೊಳಗೆ ಪಾಸಾಯಿತು.

ಭರಮಪ್ಪ ವಠಾರಕ್ಕೆಲ್ಲ ಸಕ್ಕರೆ ಹಂಚುತ್ತಿದ್ದಾಗ ವೇಣಿ ಅಲ್ಲಿಗೆ ಹೋದಳು. ಗಿರಾಕಿಯ ಗುಟ್ಟು ಹೊರಗೆ ಹೇಳಬಾರದೆಂಬುದು ಅವಳ ಕಸುಬಿನ ಮೊದಲ ಪಾಠ. ಅದನ್ನು ಮುರಿದಳು. "ಆ ಹುಡುಗನ ಎದೆ ವಾಲ್ವು ಕೆಟ್ಟಿದೆ. ನನ್ನೆದುರೇ ಹೇಳಿದ್ರು. ಆಸ್ಪತ್ರೇಲಿ ಒಂದ್ಸಲ ತೋರ್ಸಿ ನೋಡಿ ಭರಮಪ್ಪನೋರೇ."

ಬಸಲಿಂಗ ಅಲ್ಲೇ ಇದ್ದ. "ಹಂಗೇನಿಲ್ರಿ ಮಾವಾ," ಎಂದು ಫೋನು ತೆಗೆದು ಪಾಲಿಸಿ ತೋರಿಸಿದ. ಕಂಪನಿಯ ಮುದ್ರೆ, ಅವನ ಹೆಸರು, ಹತ್ತು ಲಕ್ಷ.

ಮರೆವ್ವ ವೇಣಿಯ ಮುಂದೆ ಬಂದು ನಿಂತಳು. "ಅಂವಂದು ಪಾಸಾಗ್ಲಿಲ್ಲ, ಗಟ್ಟಿ ಅದಾನಂದ್ರಿ. ಇವಂದು ಪಾಸಾತು, ರೋಗ ಅಂತೀರಿ. ಕಮಿಷನ್ ಯಾವ ಕಡಿಗೋ ಆ ಕಡಿಗೆ ನಿಮ್ಮ ನಾಲಿಗಿ. ಇವಂದು ನೀವ ಮಾಡಿದ್ರ ಹಿಂಗ ಅಂತಿದ್ರೇನು?"

"ಓಗ್ತಾ ಸಕ್ಕರೆ ಇಸ್ಕೊಂಡ್ ಓಗವ್ವಾ," ಎಂದಳು ಮುನಿಯಕ್ಕ. "ಒಟ್ಟೆ ಉರಿ ಕಮ್ಮಿಯಾಗ್ತದೆ."

ಎಲ್ಲರೂ ನಕ್ಕರು. ಭರಮಪ್ಪ ನಗಲಿಲ್ಲ, ಅಂಗೈ ತೋರಿಸಿ ಬಾಗಿಲ ಕಡೆ ಸನ್ನೆ ಮಾಡಿದ. ಮೊದಲ ಅಳಿಯನ ಹೆಣ ಹೊತ್ತವನು ಅವನು. ಎರಡನೆಯದು ಹಾಗಾಗಬಾರದೆಂದೇ ಇಷ್ಟೆಲ್ಲ ಮಾಡಿದ್ದ. ಕೆಟ್ಟವನಲ್ಲ. ಹೆದರಿದವನ ಕೈಯಲ್ಲಿ ಕೆಟ್ಟವನ ಕೈಯಲ್ಲಾಗುವುದಕ್ಕಿಂತ ಹೆಚ್ಚು ಅನ್ಯಾಯವಾಗುತ್ತದೆ.

ಅಮಾವಾಸ್ಯೆ ಕಳೆದು ಬಸಲಿಂಗನ ಜೊತೆ ನಿಶ್ಚಿತಾರ್ಥವಾಯಿತು. ಹಣಮಂತನ ತಪಾಸಣೆಯ ವರದಿ ಬಂದದ್ದು ಅದರ ಮುಂದಿನ ವಾರ. ರಕ್ತ, ಸಕ್ಕರೆ, ಎದೆ, ಪುಪ್ಪುಸ, ಯಾವುದರಲ್ಲೂ ಒಂದು ಗೆರೆ ಹೆಚ್ಚುಕಮ್ಮಿ ಇರಲಿಲ್ಲ. ಕಂಪನಿ ಇಪ್ಪತ್ತೈದು ಲಕ್ಷಕ್ಕೆ ಒಪ್ಪಿತ್ತು. ವೇಣಿ ಬೇಡವೆಂದರೂ ಕೇಳದೆ ಅವನು ವರದಿ ಹಿಡಿದು ಭರಮಪ್ಪನ ಮನೆಗೆ ಹೋದ. ಕೂರು ಎನ್ನುವವರಿರಲಿಲ್ಲ. ಭರಮಪ್ಪ ಹಾಳೆಗಳನ್ನು ತಿರುವಿಹಾಕಿ ಹಿಂದಕ್ಕೆ ಕೊಟ್ಟ.

"ಭಾಳ ಚಲೋ ಆತು," ಎಂದ. "ನಿಮಗೂ ಯಾರರೆ ಸಿಗ್ತಾರ."

"ಲ್ಯಾಬಿನಾಗ ಐನೂರ ರೂಪಾಯಿ ಕೊಟ್ರ ಬೇಕಾದ್ದು ಬರದ ಕೊಡ್ತಾರ," ಎಂದಳು ಮರೆವ್ವ ಒಳಗಿನಿಂದ, ಕೇಳಿಸುವ ಹಾಗೆ.

ಮಹಾದೇವಿ ಹೊರಗೆ ಬರಲಿಲ್ಲ. ಆ ಸಂಜೆ ಅವನಿಗೆ ಫೋನು ಮಾಡಿದಳು. "ಅವತ್ತ ಆ ಪ್ರಶ್ನಿಗೆ ಇಲ್ಲಾ ಅಂದಿದ್ರ ಮರುದಿನ ಪಾಸಾಗ್ತಿದ್ದಿ."

"ಸುಳ್ಳ ಹೆಂಗ ಬರಸ್ಲಿ ಮಾದೇವಿ?"

"ಅಂವ ಬರಸ್ಲಿಲ್ಲೇನು? ಅವತ್ತ ವೇಣಿ ಅಕ್ಕಾರ ಅಂದದ್ದು ಒಳಗ ಕೇಳೀನಿ. ನಿನ್ನ ಖರೇತನ ನನಗ ಎದಕ್ ಬಂತು?" ಎಂದು ಫೋನಿಟ್ಟಳು. ಮತ್ತೆ ಅವನ ಕರೆ ತೆಗೆಯಲಿಲ್ಲ.

ಮದುವೆ ಊರಲ್ಲಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮಹಾದೇವಿ ದಾಸರಹಳ್ಳಿಗೆ ವೇಣಿಯನ್ನು ಹುಡುಕಿಕೊಂಡು ಬಂದಳು. ಸೊರಗಿದ್ದಳು, ಐದು ತಿಂಗಳ ಬಸುರಿ. ಸೆರಗಿನ ಗಂಟಿನಲ್ಲಿ ಗಂಡನ ಖಾಲಿ ಗುಳಿಗೆ ಹಾಳೆಗಳನ್ನು ಕಟ್ಟಿ ತಂದಿದ್ದಳು.

"ಮೆಟ್ಲ ಹತ್ತಿದ್ರ ತುಟಿ ನೀಲಿ ಆಗ್ತಾವ್ರಿ ಅಕ್ಕಾರ. ರಾತ್ರಿ ಕುಂತ ನಿದ್ದಿ ಮಾಡ್ತಾರ. ಆಪರೇಶನ್ನಿಗೆ ರೊಕ್ಕಾ ಇಲ್ಲ, ಅಪ್ಪಗ ಹೇಳಬ್ಯಾಡ ಅಂತಾರ." ಗಂಟನ್ನು ವೇಣಿಯ ಮುಂದೆ ಬಿಚ್ಚಿದಳು. "ಏನರೆ ಆದ್ರ ಆ ಹತ್ತು ಲಕ್ಷ ಬರತಾವೇನ್ರಿ?"

ವೇಣಿ ಅವಳನ್ನು ಕೂರಿಸಿ ಕಾಫಿ ಕೊಟ್ಟಳು. ಮುಂಚೆಯಾಗಿದ್ದರೆ ಸುತ್ತಿಬಳಸಿ ಹೇಳುತ್ತಿದ್ದಳು. "ಬರಲ್ಲಮ್ಮಾ. ಕಾಯಿಲೆ ಮುಚ್ಚಿಟ್ಟಿದ್ದಾರೆ. ಸತ್ಮೇಲೆ ಕಂಪ್ನಿಯೋರು ಆಸ್ಪತ್ರೆ ಚೀಟಿ ಎಲ್ಲಾ ತೆಗೀತಾರೆ. ಮೂರು ವರ್ಷ ದಾಟಿದ್ರೆ ಮಾತ್ರ ಏನೂ ಕೇಳೋ ಹಾಗಿಲ್ಲ."

"ಮೂರು ವರ್ಷ."

"ಹೂಂ. ಅದನ್ನ ನೆಚ್ಕೋಬೇಡ. ಸರ್ಕಾರಿ ಕಾರ್ಡ್ ಮೇಲೆ ಆಪರೇಷನ್ ಆಗತ್ತೆ. ನಾನೇ ಕರ್ಕೊಂಡು ಹೋಗ್ತೀನಿ, ನಾಳೆ ಬನ್ನಿ ಇಬ್ರೂ."

"ಅವ್ರು ಬರಂಗಿಲ್ರಿ. ಆಪರೇಶನ್ ಆದ್ರ ಎಲ್ಲಾರಿಗೂ ಗೊತ್ತಾಗತೈತಿ ಅಂತಾರ." ಮಹಾದೇವಿ ಗುಳಿಗೆ ಹಾಳೆಗಳನ್ನು ಮತ್ತೆ ಗಂಟಿಗೆ ಕಟ್ಟಿದಳು. ಹೊಸ್ತಿಲು ದಾಟುವಾಗ ಕೇಳಿದಳು, "ಹಣಮಂತ ಹೆಂಗದಾರ?"

"ಚೆನ್ನಾಗಿದ್ದಾರೆ. ಆ ಶೆಡ್ ಬಿಟ್ರು. ಬೊಮ್ಮಸಂದ್ರದ ಕಡೆ ಹೋಗಿದ್ದಾರೆ."

ವೇಣಿ ಮರುದಿನ ಕಾದಳು, ಅದರ ಮರುದಿನವೂ. ಯಾರೂ ಬರಲಿಲ್ಲ. ಬಸಲಿಂಗ ದೀಪಾವಳಿಗೆ ಮುಂಚೆ ಗೋದಾಮಿನ ಮೆಟ್ಟಿಲ ಮೇಲೆ ತೀರಿಕೊಂಡ. ಕಂಪನಿ ಆಸ್ಪತ್ರೆಯ ಹಳೆಯ ಚೀಟಿಗಳನ್ನು ಹುಡುಕಿ ತೆಗೆದು, ಹತ್ತು ಲಕ್ಷ ಕೊಡಲಾಗುವುದಿಲ್ಲ ಎಂದು ಪತ್ರ ಬರೆಯಿತು. ಈ ಸಲ ಕಾರಣವನ್ನು ಪೂರ್ತಿ ಎರಡು ಪುಟ ಬರೆದಿತ್ತು. ಮಹಾದೇವಿ ಅಪ್ಪನ ಮನೆಗೆ ಬಂದು ಅಲ್ಲೇ ಹೆತ್ತಳು. ಭರಮಪ್ಪನ ಮನೆಯಲ್ಲಿ ಈಗ ಇಬ್ಬರು ವಿಧವೆಯರು, ಎರಡು ಕೂಸು. ಹಣಮಂತನಿಗೆ ಪಾಲಿಸಿ ಉಳಿಯಿತು, ಹೆಣ್ಣು ಸಿಗಲಿಲ್ಲ. ವೇಣಿಗೆ ಆ ವಠಾರದ ವ್ಯಾಪಾರ ಹೋಯಿತು. ವಠಾರದವರು ಪಾಲಿಸಿ ನೋಡಿಯೇ ಹೆಣ್ಣು ಕೊಡುವುದನ್ನು ಬಿಡಲಿಲ್ಲ. ಏಜೆಂಟನ್ನು ಮಾತ್ರ ಬದಲಾಯಿಸಿದರು.